ರಾಯಚೂರು ಜಿಲ್ಲೆಯಲ್ಲಿ ಕೋವಿಡ್-19

ಕೊರೊನಾ ವೈರಾಣುವಿನಿಂದ ಬರುವ ಉಸಿರಾಟದ ಕಾಯಿಲೆ ಕೋವಿಡ್-19. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಇದನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿತು. ಅದರ ಹಿಂದಿನ ದಿನವಷ್ಟೇ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡಿದ್ದರು. ಭಾರತದಲ್ಲಿ ಈ ರೋಗದ ಮೊದಲ ಸಾವು ಅದು. ಸಾವು ಇಷ್ಟು ಹತ್ತಿರ ಬಂದಿದ್ದರೂ ರಾಯಚೂರು ಜಿಲ್ಲೆ ಮೇ ಮಧ್ಯದವರೆಗೆ ಪ್ರಕರಣಗಳಿಲ್ಲದ ‘ಹಸಿರು ವಲಯ’ದಲ್ಲೇ ಇತ್ತು. ‘ನಮ್ ಬಿಸಿಲಿಗೆ ಅದು ಉಳಿಯಂಗಿಲ್ಲ’ ಎಂಬ ಜನರ ಧೈರ್ಯಕ್ಕೆ ಇದು ಇಂಬು ಕೊಟ್ಟಿತು. ಆದರೆ ವೈರಾಣು ಇರುವುದು ಮನುಷ್ಯರ ಮೈಯೊಳಗೆ. ಹೊರಗಿನ ಬಿಸಿಲು ಅದಕ್ಕೆ ಲೆಕ್ಕವಿಲ್ಲ.

ದೇವದುರ್ಗ, ಮಾನ್ವಿ, ಲಿಂಗಸುಗೂರು ಸೀಮೆಯವರು ಕೂಲಿ ಅರಸಿ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುವುದು ಹಳೆಯ ರೂಢಿ. ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಅವರು ಊರಿಗೆ ಮರಳಿದರು. ಜಿಲ್ಲೆಯ ಮೊದಮೊದಲ ಪ್ರಕರಣಗಳು ಹೆಚ್ಚಾಗಿ ಮಹಾರಾಷ್ಟ್ರದಿಂದ ಬಂದವರಲ್ಲೇ ಪತ್ತೆಯಾದವು. ಅವರನ್ನು ಕ್ವಾರಂಟೈನ್‌ನಲ್ಲಿಟ್ಟು ಪರೀಕ್ಷಿಸಿದ್ದರಿಂದ ರೋಗ ಕಂಡಿತು. ಪರೀಕ್ಷೆಯೇ ಆಗದವರ ಲೆಕ್ಕ ಯಾರ ಬಳಿ ಇತ್ತು? ‘ರೋಗ ತಂದವರು’ ಎಂದು ಕೂಲಿಯವರನ್ನು ದೂರಿದ್ದು ಅನ್ಯಾಯ.

ಕೃಷ್ಣಾ ದಡದ ಶಕ್ತಿನಗರದ ಪಾಡು ಬೇರೆ. 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇಲ್ಲಿದೆ. ವಿದ್ಯುತ್ ಉತ್ಪಾದನೆ ಅಗತ್ಯ ಸೇವೆಯಾದ್ದರಿಂದ ಅದಕ್ಕೆ ಲಾಕ್‌ಡೌನಿನಿಂದ ವಿನಾಯಿತಿ ಇತ್ತು. ಬಾಯ್ಲರನ್ನಾಗಲಿ ಕಲ್ಲಿದ್ದಲು ಸಾಗಿಸುವ ಬೆಲ್ಟನ್ನಾಗಲಿ ಮನೆಯಲ್ಲಿ ಕೂತು ನೋಡಿಕೊಳ್ಳಲು ಬರುವುದಿಲ್ಲ; ರೋಗದ ಭಯವಿದ್ದರೂ ಕೆಲಸಗಾರರು ಅಲ್ಲಿಗೇ ಹೋಗಬೇಕಿತ್ತು.

ರೋಗ ತಗುಲಿದವರಲ್ಲಿ ನೂರಕ್ಕೆ ಒಬ್ಬರು ಸತ್ತರೆ ಅದೇನು ಮಹಾ ಎನ್ನುವವರು ಒಂದು ಲೆಕ್ಕ ಹಾಕಿ ನೋಡಬೇಕು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 19.28 ಲಕ್ಷ. ಎಲ್ಲರಿಗೂ ರೋಗ ತಗುಲಿ ನೂರಕ್ಕೆ ಒಬ್ಬರಂತೆ ಹೋದರೆ 19 ಸಾವಿರ ಹೆಣ. ಎಲ್ಲರೂ ಒಟ್ಟಿಗೆ ಹಾಸಿಗೆ ಹಿಡಿದರೆ ಉಳಿಯಬಹುದಾದವರಿಗೂ ಆಮ್ಲಜನಕ ಸಿಗುವುದಿಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನ ಬೆಳಗಿನವರೆಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತದ್ದು ಹೀಗೆಯೇ.

ಈ ಕಾಯಿಲೆ ಮೋಸವನ್ನೂ ಮಾಡುತ್ತದೆ. ರೋಗಿ ಮಂಚದ ಮೇಲೆ ಕೂತು ‘ಆರಾಮದೀನಿ’ ಎಂದು ಫೋನಿನಲ್ಲಿ ಮಾತಾಡುತ್ತಿರುತ್ತಾನೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರು ರಕ್ತದ ಆಮ್ಲಜನಕ ಕನಿಷ್ಠ ಶೇ 94 ಇರಬೇಕಾದಲ್ಲಿ ಶೇ 82 ತೋರಿಸುತ್ತದೆ. ಏದುಸಿರು ಶುರುವಾಗುವ ಹೊತ್ತಿಗೆ ಶ್ವಾಸಕೋಶ ಸಾಕಷ್ಟು ಕೆಟ್ಟಿರುತ್ತದೆ.

ಅಧಿಕಾರವನ್ನೂ ಈ ರೋಗ ಲೆಕ್ಕಿಸಲಿಲ್ಲ. ರಾಯಚೂರಿನ ಅಶೋಕ್ ಗಸ್ತಿ 2020ರ ಜುಲೈ 22ರಂದು ರಾಜ್ಯಸಭಾ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದರು. ಸೆಪ್ಟೆಂಬರ್ 17ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅವರಿಗೆ 55 ವರ್ಷ. ಒಂದು ಅಧಿವೇಶನದಲ್ಲೂ ಕೂರಲಾಗಲಿಲ್ಲ.