ಆಕಾಶಬುಟ್ಟಿ, ಗೂಡುದೀಪ, ನಕ್ಷತ್ರ

ದೀಪಾವಳಿಗೆ ಹದಿನೈದು ದಿನ ಮುಂಚೆಯೇ ಕೋಥರೂಡಿನಲ್ಲಿ ಕಂದೀಲಿನ ಅಂಗಡಿಗಳು ಏಳುತ್ತವೆ. ಹೋದ ವರ್ಷ ಅಂತಹ ಒಂದು ಅಂಗಡಿಯ ಮುಂದೆ ನಿಂತು ನಾವು, "ಆ ಆಕಾಶಬುಟ್ಟಿಗೆ ಎಷ್ಟಂತ ಕೇಳೋ" ಎಂದೆವು. "ಬುಟ್ಟಿ ಎಲ್ಲದ, ಅಪ್ಪಾ?" ಎಂದು ಮಗ ಸುತ್ತಲೂ ನೋಡಿದ. ಪುಣೆಯಲ್ಲೇ ಹುಟ್ಟಿದ ಹುಡುಗ. ಅವನಿಗೆ ಅದು ಆಕಾಶಕಂದೀಲು. ಧಾರವಾಡದಿಂದ ಹೊತ್ತು ತಂದ ಮಾತೊಂದು ನಮಗೆ ತಿಳಿಯದಂತೆಯೇ ಮನೆಯಿಂದ ಜಾರಿಹೋಗಿತ್ತು.

ಬುಟ್ಟಿ ಕೊಳ್ಳಲಿಲ್ಲ. ಬುರುಡ ಆಳಿಗೆ ಹೋಗಿ ಬಿದಿರು ಕಡ್ಡಿ ತಂದೆವು. (ಬುರುಡರೆಂದರೆ ನಮ್ಮ ಮೇದಾರರೇ.) ಒಂದೇ ಅಳತೆಯ 24 ಕಡ್ಡಿಗಳಿಂದ ಆರು ಚೌಕ ಕಟ್ಟಬೇಕು. ಮೇಲೊಂದು, ಕೆಳಗೊಂದು, ಸುತ್ತ ನಾಲ್ಕು ಮೂಲೆಯ ಮೇಲೆ ನಿಲ್ಲಿಸಿದವು. ಮೂಲೆಗೆ ಮೂಲೆ ಸೇರಿಸಿ ಬಿಗಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿ ಮೂಡುತ್ತವೆ. ಬಿ.ಎಸ್ಸಿ. ಓದಿದ್ದಕ್ಕೆ ಮಗನ ಮುಂದೆ ಮಾನ ಉಳಿದದ್ದು ಅದೊಂದೇ ಸಲವೆನ್ನಬೇಕು. ಮೈದಾ ಅಂಟು ಹಚ್ಚಿ ಬಣ್ಣದ ಹಾಳೆ ಮೆತ್ತಿದೆವು. ಹಿಂದೆ ಕಾರ್ತಿಕದಲ್ಲಿ ಪಿತೃಗಳಿಗೆ ದಾರಿ ತೋರಲೆಂದು ಎತ್ತರದ ಕಂಬಕ್ಕೆ ಏರಿಸುತ್ತಿದ್ದ ಆಕಾಶದೀಪದಲ್ಲಿ ಎಣ್ಣೆಯ ಹಣತೆ ಇರುತ್ತಿತ್ತು, ನಮ್ಮದರಲ್ಲಿ ಬಲ್ಬು.

ಡಿಸೆಂಬರ್ ಬಂದಾಗ ಎದುರುಮನೆಯ ಮಂಗಳೂರಿನ ಕ್ರೈಸ್ತ ಕುಟುಂಬದವರು ಬಾಗಿಲಿಗೆ ಕಾಗದದ ನಕ್ಷತ್ರ ತೂಗುಹಾಕಿದರು. ಮಗ ಅದರ ಮೊನೆಗಳನ್ನು ಎಣಿಸತೊಡಗಿದ. ನಕ್ಷತ್ರದ ಒಂದು ಪ್ರಸಿದ್ಧ ಮಾದರಿಗೂ ಗಣಿತಕ್ಕೂ ನಂಟುಂಟು. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬಲ್ಲಿ, ಮೊರೇವಿಯನ್ ಪಂಥದವರ ವಸತಿ ಶಾಲೆಯಲ್ಲಿ, ಮಕ್ಕಳಿಗೆ ರೇಖಾಗಣಿತ ತಿಳಿಯಲೆಂದು ಇಂತಹ ನಕ್ಷತ್ರ ಮಾಡಿಸಿದರಂತೆ. ತಂದೆತಾಯಿ ಮಿಶನರಿ ಕೆಲಸಕ್ಕೆಂದು ದೂರದೇಶಗಳಲ್ಲಿ, ಮಕ್ಕಳು ಶಾಲೆಯಲ್ಲಿ. ಅದಕ್ಕೆ ಚೌಕ ಬುಡದ ಮೊನೆ 17, ತ್ರಿಕೋನ ಬುಡದವು ಎಂಟು. ನಮ್ಮ ಬುಟ್ಟಿಯಲ್ಲೂ ತ್ರಿಕೋನ ಎಂಟೇ! 1897ರ ಹೊತ್ತಿಗೆ ಪೀಟರ್ ವೆರ್ಬೀಕ್ ಎಂಬವರು ಇದನ್ನು ಮಾರಾಟಕ್ಕೆ ತಂದರು.

ಹಬ್ಬಕ್ಕೆ ವಿದ್ಯುತ್ತು ಸೇರಿದ್ದು ಇದಕ್ಕೂ ಸ್ವಲ್ಪ ಮೊದಲು. 1882ರ ಡಿಸೆಂಬರಿನಲ್ಲಿ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ 80 ಬಣ್ಣದ ಬಲ್ಬುಗಳ, ತಿರುಗುವ ಕ್ರಿಸ್ಮಸ್ ಮರ ನಿಲ್ಲಿಸಿದರು. ಆಗ ನಮ್ಮ ಶಿವನಸಮುದ್ರದ ವಿದ್ಯುತ್ತಿಗೆ ಇನ್ನೂ ಇಪ್ಪತ್ತು ವರ್ಷ ಬಾಕಿ.

ಮುಂದೆ ಕಲಾವಿದರೂ ಈ ಚಿಹ್ನೆಗಳಿಗೆ ಕೈಹಚ್ಚಿದರು. ಲಂಡನ್ನಿನ ಟೇಟ್ ಗ್ಯಾಲರಿ 1988ರಿಂದ ಕ್ರಿಸ್ಮಸ್ ಮರವನ್ನು ಒಬ್ಬೊಬ್ಬ ಕಲಾವಿದರ ಕೈಗೆ ಕೊಡತೊಡಗಿತು. 1993ರಲ್ಲಿ ಇರಾನ್ ಮೂಲದ ಶಿರಾಜೆ ಹೂಷಿಯಾರಿ ಮರವನ್ನೇ ತಲೆಕೆಳಗಾಗಿ ತೂಗಿಬಿಟ್ಟರು. ನಮಗೆ ಹೆಚ್ಚು ಹಿಡಿಸಿದ್ದು 2020ರದು. ಲಿವರ್‌ಪೂಲ್ ಬಳಿ ಪಂಜಾಬಿ ಮನೆಯಲ್ಲಿ ಹುಟ್ಟಿದ ಚೀಲಾ ಕುಮಾರಿ ಸಿಂಗ್ ಬರ್ಮನ್ ಆ ಚಳಿಗಾಲ ಗ್ಯಾಲರಿಯ ಮುಂಭಾಗಕ್ಕೆಲ್ಲ ನಿಯಾನ್ ದೀಪ ತೊಡಿಸಿದರು. ಬೆಳಗಿದ್ದು ನವೆಂಬರ್ 14, ದೀಪಾವಳಿಯ ದಿನ. ಲಕ್ಷ್ಮಿ, ಝಾನ್ಸಿಯ ರಾಣಿ, ಜೊತೆಗೆ ತಂದೆ ಐಸ್‌ಕ್ರೀಂ ಮಾರುತ್ತಿದ್ದ ಗಾಡಿ. ಕೊರೋನಾ ಕಾರಣ ಗ್ಯಾಲರಿ ಮುಚ್ಚಿತ್ತು. ಜನ ಬೀದಿಯಲ್ಲೇ ನಿಂತು ನೋಡಿದರು. ಪರದೇಶದ ಅಷ್ಟು ದೊಡ್ಡ ಗೋಡೆಯ ಮೇಲೆ ಲಕ್ಷ್ಮಿಯ ಪಕ್ಕದಲ್ಲಿ ಅಪ್ಪನ ಗಾಡಿಯನ್ನೂ ನಿಲ್ಲಿಸಿದ್ದು ನಮಗಂತೂ ದೊಡ್ಡ ಮಾತು.

ಎದುರುಮನೆಯ ಅಜ್ಜಿಗೆ ಇದನ್ನು ಹೇಳಿದರೆ, ಅಷ್ಟು ದೂರ ಏಕೆ ಎಂದರು. ಅವರ ಊರಿನಲ್ಲಿ ಆಕಾಶಬುಟ್ಟಿಗೆ ಗೂಡುದೀಪವೆಂದು ಹೆಸರು. ಕುದ್ರೋಳಿ ಗೋಕರ್ಣನಾಥ ದೇವಸ್ಥಾನದ ಆವರಣದಲ್ಲಿ 'ನಮ್ಮ ಕುಡ್ಲ' ವಾಹಿನಿಯವರು ಅದಕ್ಕೆ ಸ್ಪರ್ಧೆಯನ್ನೇ ನಡೆಸುತ್ತ ಬಂದಿದ್ದಾರೆ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂದು ವಿಭಾಗಗಳು. ಧಾನ್ಯ ಅಂಟಿಸಿ ಮಾಡಿದವೂ ಬರುತ್ತವೆ. ಅಂಗಡಿಯ ಪ್ಲಾಸ್ಟಿಕ್ ಕಂದೀಲಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತೋಚದು.

ಈ ಸಲ ಅಜ್ಜಿಯ ಮೊಮ್ಮಗಳು ನಮ್ಮಲ್ಲಿ ಕುಳಿತು ಕಡ್ಡಿ ಕಟ್ಟಿದಳು. ಅವಳು ಗೂಡುದೀಪವೆನ್ನುವಳು, ಮಗ ಈಗ ಹಟದಿಂದ ಆಕಾಶಬುಟ್ಟಿ ಎನ್ನುವನು. ಜಗಳ ಮಾತ್ರ ಮರಾಠಿಯಲ್ಲಿ.