ನಡುವಿನ ಪೈಪಿನ ಮ್ಯಾಲೆ ಕೂಸು

ಹುಡುಗಿ ಸೈಕಲ್ ಕಲೀತೇನಿ ಅಂದ್ರ ನಮ್ಮ ಮನಿಗಳಾಗ ಬರೋ ಮೊದಲ ಮಾತು: "ತಡಿ, ಲೇಡೀಸ್ ಸೈಕಲ್ ತರೂಣಂತ." ಆ ತಡಿಯೂದರಾಗ ಆಕಿ ಮದುವಿನೂ ಆಗಿ ಹೋಗಿರತದ. ಅದಕ್ಕ ಇವತ್ತ ತಡೀಲಾರದ ಹೆಂಗಸರ ಇತಿಹಾಸ ಹೇಳ್ತೇನಿ.

ತಮಿಳುನಾಡಿನ ಪುದುಕೋಟೈ ಜಿಲ್ಲಾದಾಗ 1991ರಲ್ಲಿ ಸಾಕ್ಷರತಾ ಆಂದೋಲನ ನಡೀತು. ಆಗ ಅಲ್ಲಿ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಹೆಂಗಸರಿಗೆ ಅಕ್ಷರದ ಜೋಡಿ ಸೈಕಲ್ಲನ್ನೂ ಕಲಿಸಿದ್ರು, ಕೊಳ್ಳಾಕ ಬ್ಯಾಂಕಿನಿಂದ ಸಾಲ ಕೊಡಿಸಿದ್ರು. ಹೊಲದ ಕೂಲಿಯವರು, ಕಲ್ಲುಗಣಿಯವರು, ಅಂಗನವಾಡಿಯವರು ಸಾವಿರಗಟ್ಟಲೆ ಕಲಿತ್ರು. ಲೇಡೀಸ್ ಸೈಕಲ್ ಸಾಲದಾದವು. ಅವರೇನು ಕಾಯಲಿಲ್ಲ, ಗಂಡಸರ ಸೈಕಲ್ಲನ್ನ ಕೊಂಡ್ರು. ಕೆಲವರಿಗಂತೂ ಅದ ಛಲೋ ಅನಸ್ತು. ನಡುವಿನ ಪೈಪಿನ ಮ್ಯಾಲೆ ಕೂಸನ್ನ ಕೂಡಿಸಬಹುದಲ್ಲ!

ಚುಡಾಯಿಸೋರೂ ಇದ್ರು. ಆದರ ಗುಂಪು ಕಟ್ಟಿಕೊಂಡು ಹೊಂಟವರನ್ನ ಎಷ್ಟಂತ ಚುಡಾಯಿಸ್ತಾರ? ಬಸ್ಸಿನ ಹಾದಿ ಕಾಯೋದು, ಗಂಡನೋ ಅಣ್ಣನೋ ಬಿಟ್ಟು ಬರಲಿ ಅಂತ ಕೂಡೋದು ತಪ್ಪಿತು. ಉಳಿದ ಹೊತ್ತು ಅವರದ ಆತು. ನನಗ ದೊಡ್ಡದು ಅನಿಸೋದು ಇದ.

ನಮ್ಮ ರಾಜ್ಯದಾಗೂ 2006-07ರಲ್ಲಿ ಎಂಟನೇತ್ತೆ ಹುಡುಗಿಯರಿಗೆ ಸರಕಾರ ಸೈಕಲ್ ಕೊಡಾಕ ಶುರು ಮಾಡಿತು. ಆದರ ತಂಗಿ ಹೆಸರಿನ ಸೈಕಲ್ಲನ್ನ ಅಣ್ಣ ಹೊಡಕೊಂಡು ಹೋಗೋದನ್ನ ನಮ್ಮ ಓಣ್ಯಾಗ ನಾನ ನೋಡೇನಿ. ತಂಗಿ ಮತ್ತ ಸಾಲಿಗೆ ನಡಕೋತನ ಹೋಗ್ತಿದ್ಲು.

ಸೈಕಲ್ ಮನಿಗೆ ಬಂದ್ರ ಸಾಲಂಗಿಲ್ರೀ. ಅದರ ಕೀಲಿಕೈ ಆಕಿ ಕೈಯಾಗ ಇರಬೇಕು.