ಓದಲಾರದವರು ಬರೆದ ಮೂರು ಸಾವಿರ ಪುಟಗಳು

ಓದು ಮತ್ತು ಬರಹ ಒಂದೇ ಸಾಮರ್ಥ್ಯದಂತೆ ತೋರಿದರೂ ಮೆದುಳಿನಲ್ಲಿ ಅವುಗಳ ಹಾದಿ ಬೇರೆ ಬೇರೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸ್ಪಷ್ಟವಾಗತೊಡಗಿತ್ತು. ಪಾರ್ಶ್ವವಾಯು, ಅಂದರೆ ರಕ್ತನಾಳ ಕಟ್ಟಿಕೊಂಡೋ ಒಡೆದೋ ಮೆದುಳಿನ ಒಂದು ಭಾಗ ಕೆಡುವ ಆಘಾತ, ಬಡಿದ ಬಳಿಕ ಸರಾಗವಾಗಿ ಬರೆಯಬಲ್ಲವರಾಗಿದ್ದೂ ತಾವೇ ಬರೆದ ಸಾಲನ್ನು ಓದಲಾರದೆ ಹೋದ ರೋಗಿಯೊಬ್ಬರನ್ನು ಫ್ರಾನ್ಸಿನ ನರವೈದ್ಯ ಜೂಲ್ ಡೆಜೆರಿನ್ 1892ರಲ್ಲಿ ವರ್ಣಿಸಿದ್ದರು. ಐವತ್ತು ವರ್ಷಗಳ ತರುವಾಯ ಸೋವಿಯತ್ ಒಕ್ಕೂಟದಲ್ಲಿ, ಪಾರ್ಶ್ವವಾಯುವಿನಿಂದಲ್ಲದೆ ಗುಂಡೇಟಿನಿಂದ, ಅದಕ್ಕಿಂತಲೂ ಕಠಿಣವಾದ ಸ್ಥಿತಿಗೆ ಒಳಗಾದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಅದೇ ಸ್ಥಿತಿಯಲ್ಲಿ ಲೇಖಕರಾದರು.

ಅವರ ಹೆಸರು ಲೆವ್ ಜಸೆಟ್ಸ್ಕಿ. ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಸೈನ್ಯ ಸೇರಿದ ಅವರಿಗೆ 1943ರ ಮಾರ್ಚ್ 2ರಂದು ಸ್ಮೊಲೆನ್ಸ್ಕ್ ವಲಯದ ಕಾಳಗದಲ್ಲಿ ತಲೆಗೆ ಗುಂಡು ತಗುಲಿತು. ಎಡ ಮೆದುಳಿನ ಹಿಂಭಾಗ, ಅಂದರೆ ಕಂಡದ್ದನ್ನೂ ಕೇಳಿದ್ದನ್ನೂ ಒಟ್ಟುಗೂಡಿಸಿ ಅವುಗಳ ನಡುವಿನ ಸಂಬಂಧವನ್ನು ಗ್ರಹಿಸುವ ಪ್ರದೇಶ, ಹಾನಿಗೊಂಡಿತ್ತು. ನೋಟದ ಬಲಭಾಗ ಮರೆಯಾಯಿತು, ಅಕ್ಷರಗಳು ಅಪರಿಚಿತವಾದವು, ಕಲಿತಿದ್ದ ರೇಖಾಗಣಿತ ಅಳಿಸಿಹೋಯಿತು. ಯೂರಲ್ ಪ್ರದೇಶದ ಆಸ್ಪತ್ರೆಯಲ್ಲಿ ಅವರನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಒಂದು ವಿಚಿತ್ರವನ್ನು ಗುರುತಿಸಿದರು: 'ತಂದೆ', 'ತಮ್ಮ' ಎಂಬ ಪದಗಳು ಬಿಡಿಯಾಗಿ ಅವರಿಗೆ ತಿಳಿಯುತ್ತಿದ್ದವು, ಆದರೆ 'ತಂದೆಯ ತಮ್ಮ' ಮತ್ತು 'ತಮ್ಮನ ತಂದೆ' ಇವೆರಡರಲ್ಲಿನ ವ್ಯತ್ಯಾಸ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಭಾಗಗಳನ್ನು ಒಂದಕ್ಕೊಂದು ಜೋಡಿಸಿ ನೋಡುವುದೇ ಎಂಜಿನಿಯರನ ಕಸುಬಾದ್ದರಿಂದ, ಆ ವೃತ್ತಿಯ ಬುಡವೇ ಕುಸಿದಿತ್ತು.

ಬರಹ ಮರಳಿದ್ದು ಕಣ್ಣಿನ ಮೂಲಕವಲ್ಲ, ಕೈಯ ಮೂಲಕ. ಒಂದೊಂದೇ ಅಕ್ಷರದ ಆಕಾರವನ್ನು ನೆನಪಿಸಿಕೊಳ್ಳಲು ಹೆಣಗುತ್ತಿದ್ದ ಅವರಿಗೆ, ಅಕ್ಷರದ ಯೋಚನೆ ಬಿಟ್ಟು ಪೆನ್ಸಿಲ್ ಎತ್ತದೆ ಇಡೀ ಪದವನ್ನು ಒಮ್ಮೆಲೇ ಬರೆಯುವಂತೆ ಸೂಚಿಸಿದಾಗ ಕೈ ತಾನಾಗಿ ಓಡಿತು. ವರ್ಷಗಟ್ಟಲೆ ರೂಢಿಯಿಂದ ಮೈಗೂಡಿದ ಇಂಥ ಅಖಂಡ ಚಲನೆಯನ್ನು ಲೂರಿಯಾ 'ಚಲನೆಯ ರಾಗ' ಎಂದು ಕರೆದರು. ಅದನ್ನು ಕಾಯುವ ಮೆದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದಿರಲಿಲ್ಲ. ಬರೆದದ್ದನ್ನು ಓದುವುದು ಮಾತ್ರ ಅಕ್ಷರ ಅಕ್ಷರ ಹುಡುಕುವ ಕೆಲಸವಾಗಿಯೇ ಉಳಿಯಿತು.

ಹೀಗೆ, ಕೆಲವೊಮ್ಮೆ ದಿನವಿಡೀ ಕುಳಿತರೂ ಅರ್ಧ ಪುಟದಷ್ಟೇ ಸಾಗುವ ವೇಗದಲ್ಲಿ, ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಮೂರು ಸಾವಿರ ಪುಟಗಳ ದಿನಚರಿ ಬೆಳೆಯಿತು. ಅದರ ಭಾಗಗಳ ನಡುನಡುವೆ ತಮ್ಮ ವಿವರಣೆಯನ್ನಿಟ್ಟು ಲೂರಿಯಾ 1971ರಲ್ಲಿ ಪುಸ್ತಕ ಪ್ರಕಟಿಸಿದರು. ವೈದ್ಯಕೀಯ ಬರವಣಿಗೆಯಲ್ಲಿ ರೋಗಿ ಸಾಮಾನ್ಯವಾಗಿ ವೈದ್ಯನ ಕಣ್ಣಿಗೆ ಕಂಡ ವಿಷಯ ಮಾತ್ರ; ಇಲ್ಲಿ ರೋಗಿಯೇ ತಮ್ಮ ಹಾನಿಯ ಅಳತೆಗಾರರಾಗಿ, ಯಾವುದು ಮುರಿದಿದೆ, ಯಾವುದು ಇನ್ನೂ ನಡೆಯುತ್ತಿದೆ ಎಂಬುದನ್ನು ಒಳಗಿನಿಂದ ದಾಖಲಿಸಿದ್ದಾರೆ. ಆ ಬರಹ ಅವರನ್ನು ಗುಣಪಡಿಸಲಿಲ್ಲ. ಆದರೆ ಎಂಜಿನಿಯರಾಗಲಾರದ ಮೇಲೂ ಮಾಡಬಹುದಾದ ಕೆಲಸವೊಂದು ಅದರಿಂದ ಅವರಿಗೆ ಉಳಿಯಿತು, ಮತ್ತು ಆ ಕೆಲಸದ ಫಲ ನರವಿಜ್ಞಾನಕ್ಕೆ ದಕ್ಕಿತು.